‘ಕೇವಲ’ ಎಂಬ ಪದ ಮತ್ತು ಕ್ರೈಸ್ತ ಸಂಸ್ಕಾರಗಳು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವೊಂದು ಕ್ರೈಸ್ತ ಆರಾಧನೆಯನ್ನು ಪರಿಚಯಿಸುತ್ತ, ದೀಕ್ಷಾಸ್ನಾನ (ಸಭೆಗೆ ಸೇರುವವರಿಗೆ ನೀರಿನಿಂದ ಮಾಡಿಸುವ ವಿಧಿ), ಪರಮಪ್ರಸಾದ (ರೊಟ್ಟಿ ಮತ್ತು ದ್ರಾಕ್ಷಾರಸದ ಸ್ವೀಕಾರ) ಮೊದಲಾದ ಸಂಸ್ಕಾರಗಳು ‘ಕೇವಲ ಸಾಂಕೇತಿಕ ಆಚರಣೆಗಳು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದೆ. ಲೇಖನದ ಉಳಿದ ಭಾಗವನ್ನು ಸದ್ಭಾವದಿಂದಲೂ ಶ್ರದ್ಧೆಯಿಂದಲೂ ಬರೆಯಲಾಗಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ವಾಕ್ಯದ ಮೊದಲಲ್ಲಿ ಕುಳಿತಿರುವ ‘ಕೇವಲ’ ಎಂಬ ಮೂರಕ್ಷರದ ಪದವನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ. ಸಂಸ್ಕಾರವು ಸಂಕೇತವೆಂಬುದನ್ನು ಯಾವ ಕ್ರೈಸ್ತ ಪಂಥವೂ ಅಲ್ಲಗಳೆದಿಲ್ಲ. ಅದು ಕೇವಲ ಸಂಕೇತವೇ ಎಂಬ ಪ್ರಶ್ನೆಗೆ ಸಭೆಗಳು, ಅಂದರೆ ಚರ್ಚುಗಳು, ಒಡೆದಿವೆ, ಸಮ್ಮೇಳನಗಳು ಮುರಿದುಬಿದ್ದಿವೆ, ಬೇರೆಲ್ಲದರಲ್ಲೂ ಒಮ್ಮತವಿದ್ದ ಪಂಡಿತರು ಒಬ್ಬರ ಕೈಯನ್ನೊಬ್ಬರು ಹಿಡಿಯಲು ನಿರಾಕರಿಸಿದ್ದಾರೆ. ಇಷ್ಟು ದೊಡ್ಡ ವ್ಯಾಜ್ಯದ ತೀರ್ಪನ್ನು ಒಂದು ವಿಶೇಷಣದಲ್ಲಿ ಕೊಟ್ಟುಬಿಡುವುದು ಲೇಖಕರ ಉದ್ದೇಶವಾಗಿರಲಾರದು ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಪದದ ವಿಚಾರ. ಗ್ರೀಕ್ ಮಾತನಾಡುತ್ತಿದ್ದ ಸಭೆಗಳು ಈ ಕ್ರಿಯೆಗಳನ್ನು ‘ಮಿಸ್ಟೀರಿಯನ್’ ಎಂದು, ಅಂದರೆ ಗುಟ್ಟಾಗಿದ್ದು ಈಗ ಪ್ರಕಟವಾದ ದೇವಸಂಕಲ್ಪವೆಂಬ ಅರ್ಥದಲ್ಲಿ ಕರೆದವು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಇವನ್ನು ‘ರಹಸ್ಯಗಳು’ ಎಂದೇ ಕರೆಯುತ್ತವೆ. ಪಶ್ಚಿಮದ, ಅಂದರೆ ರೋಮಿನ ಕಡೆಯ, ಲ್ಯಾಟಿನ್ ಸಭೆ ಅದಕ್ಕೆ ಆರಿಸಿಕೊಂಡ ‘ಸಾಕ್ರಮೆಂಟುಮ್’ ಎಂಬ ಪದ ದೇವಾಲಯದ್ದಲ್ಲ, ಸೇನೆಯ ಪಾಳೆಯದ್ದು ಮತ್ತು ನ್ಯಾಯಾಲಯದ್ದು. ರೋಮನ್ ಸೈನಿಕನು ಸೇನೆಗೆ ಸೇರುವಾಗ ಮಾಡುತ್ತಿದ್ದ ಪ್ರತಿಜ್ಞೆಗೂ, ವ್ಯಾಜ್ಯದಲ್ಲಿ ಕಕ್ಷಿದಾರರು ಮುಂಗಡವಾಗಿ ಇಡುತ್ತಿದ್ದ ಪಣದ ಹಣಕ್ಕೂ ಅದೇ ಹೆಸರು. ಸುಮಾರು 112ರಲ್ಲಿ ಇಂದಿನ ಟರ್ಕಿಯಲ್ಲಿದ್ದ ಬಿಥೂನ್ಯ ಪ್ರಾಂತದ ರಾಜ್ಯಪಾಲನಾಗಿದ್ದ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಕ್ರೈಸ್ತರು ಬೆಳಗಾಗುವ ಮುನ್ನ ಕೂಡಿ, ಕಳವು, ದರೋಡೆ, ವ್ಯಭಿಚಾರಗಳನ್ನು ಮಾಡುವುದಿಲ್ಲವೆಂದು ಸಾಕ್ರಮೆಂಟುಮ್‌ನಿಂದ ತಮ್ಮನ್ನು ತಾವು ಕಟ್ಟಿಕೊಳ್ಳುತ್ತಾರೆಂದು ವರದಿ ಮಾಡಿದ್ದಾನೆ. ಅವನು ಬಳಸಿದ್ದು ಪ್ರತಿಜ್ಞೆಯೆಂಬ ಲೌಕಿಕ ಅರ್ಥದಲ್ಲಿಯೇ. ಅದೇ ಪದವನ್ನು ಸುಮಾರು 200ರ ಹೊತ್ತಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ದೀಕ್ಷಾಸ್ನಾನಕ್ಕೆ ಅನ್ವಯಿಸಿದ.

ಪ್ರತಿಜ್ಞೆಯ ಈ ನೆನಪು ಮುಖ್ಯವೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ನಾವು ‘ಮಾತು ಕೊಡುವುದು’, ‘ಭಾಷೆ ಕೊಡುವುದು’ ಎನ್ನುತ್ತೇವೆ. ಹಾಗೆ ಮಾತು ಕೊಟ್ಟಾಗ ಆಡಿದ ಮಾತು ಬೇರೆಲ್ಲೋ ಇರುವ ಒಂದು ವಸ್ತುವಿನ ಸುದ್ದಿಯಲ್ಲ, ಆಡಿದ್ದೇ ಕೊಟ್ಟದ್ದು. ‘ಕ್ಷಮಿಸಿದ್ದೇನೆ’ ಎಂದು ಒಬ್ಬರು ಹೇಳಿದಾಗ ಕ್ಷಮೆಯ ಬಗ್ಗೆ ವಿವರಣೆ ಕೊಟ್ಟಂತಾಗುವುದಿಲ್ಲ, ಕ್ಷಮೆಯೇ ನಡೆದುಹೋಗುತ್ತದೆ. ಕ್ರೈಸ್ತ ಪರಂಪರೆಯ ಬಹುಭಾಗ ಸಂಸ್ಕಾರವನ್ನು ಅರ್ಥಮಾಡಿಕೊಂಡಿರುವುದು ಹೀಗೆಯೇ. ಅದು ತಾನು ಸೂಚಿಸುವುದನ್ನು ಉಂಟುಮಾಡುವ ಸಂಕೇತ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷ (ಬಿಷಪ್) ಅಗಸ್ಟಿನ್ (354–430) ಇದನ್ನು ‘ಕಣ್ಣಿಗೆ ಕಾಣುವ ವಚನ’ (ವಚನವೆಂದರೆ ಇಲ್ಲಿ ದೇವರ ಮಾತು) ಎಂದು ಕರೆದು, ಭೌತವಸ್ತುವಿಗೆ ವಚನ ಕೂಡಿದಾಗ ಸಂಸ್ಕಾರವಾಗುತ್ತದೆ ಎಂದ. ನೀರು ತಾನೊಂದೇ ಇದ್ದರೆ ಬರಿಯ ನೀರು, ವಚನ ತಾನೊಂದೇ ಇದ್ದರೆ ಉಪದೇಶ. ಎರಡೂ ಒಂದು ಕೈಯಲ್ಲಿ ಕೂಡಿ ಇನ್ನೊಬ್ಬನ ತಲೆಯ ಮೇಲೆ ಬಿದ್ದಾಗ ಅದು ಸ್ನಾನವೂ ಅಲ್ಲ, ಭಾಷಣವೂ ಅಲ್ಲ.

‘ಇನ್ನೊಬ್ಬನ ತಲೆಯ ಮೇಲೆ’ ಎಂದೆ. ಸಂಸ್ಕಾರದ ಅರ್ಥದ ಬಹುಪಾಲು ಈ ಎರಡು ಮೂರು ಪದಗಳಲ್ಲಿದೆ. ಇದನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳುವಂತಿಲ್ಲ. ಪ್ರಾರ್ಥನೆಯನ್ನು ಒಂಟಿಯಾಗಿ ಮಾಡಬಹುದು, ಉಪವಾಸವನ್ನು ಮಾಡಬಹುದು, ಧರ್ಮಗ್ರಂಥವನ್ನು ಓದಬಹುದು. ದೀಕ್ಷಾಸ್ನಾನವನ್ನು ಮಾತ್ರ ಪಡೆಯಲೇಬೇಕು, ಅದೂ ಇನ್ನೊಬ್ಬರ ಕೈಯಿಂದ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ಬೋಧಕ ಜಾನ್ ಸ್ಮಿತ್, ಅಸ್ತಿತ್ವದಲ್ಲಿರುವ ಯಾವ ಸಭೆಯ ದೀಕ್ಷೆಯೂ ಶುದ್ಧವಲ್ಲವೆಂಬ ತೀರ್ಮಾನಕ್ಕೆ ಬಂದು, ಮೊದಲು ತನಗೆ ತಾನೇ ದೀಕ್ಷಾಸ್ನಾನ ಮಾಡಿಕೊಂಡು ಆಮೇಲೆ ತನ್ನ ಅನುಯಾಯಿಗಳಿಗೆ ಮಾಡಿಸಿದ. ಬ್ಯಾಪ್ಟಿಸ್ಟ್ ಪಂಥದ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಆದರೆ ಹೆಚ್ಚು ಕಾಲ ಕಳೆಯುವ ಮುನ್ನವೇ ಅವನಿಗೆ ತಾನು ಮಾಡಿದ್ದು ಸರಿಯೇ ಎಂಬ ಸಂಶಯ ಕಾಡತೊಡಗಿತು. ವಯಸ್ಕರಿಗಷ್ಟೇ ದೀಕ್ಷೆ ಕೊಡುತ್ತಿದ್ದ ಮೆನ್ನೊನೈಟರೆಂಬ ಪಂಥದವರ ಸಭೆಗೆ ತನ್ನನ್ನು ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಿದ. ತನ್ನಷ್ಟಕ್ಕೆ ತಾನೇ ಶುದ್ಧನಾಗಲು ಹೊರಟವನು ಕೊನೆಗೆ ಇನ್ನೊಬ್ಬರ ಬಾಗಿಲಿಗೆ ಬಂದು ನಿಂತ ಈ ಕಥೆಯನ್ನು ಕೆಲವರು ಅವನ ಚಂಚಲತೆಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗಂತೂ ಅದು ಅವನ ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಇದೇ ಸೂತ್ರವನ್ನು ಹಿಡಿದು ನೋಡಿದರೆ ಅನೇಕ ವಿವರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಪಶ್ಚಿಮದ ವಿಧಿಯಲ್ಲಿ ‘ತಂದೆಯ, ಮಗನ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ’ ಎಂಬುದು ಮಾತು. ಪೂರ್ವದ ವಿಧಿಯಲ್ಲಿ ‘ದೇವರ ಸೇವಕನು ದೀಕ್ಷಾಸ್ನಾನ ಹೊಂದುತ್ತಿದ್ದಾನೆ’ ಎನ್ನುತ್ತಾರೆ. ಅಲ್ಲಿ ಮಾಡಿಸುವವನ ‘ನಾನು’ ಕೂಡ ಹಿಂದೆ ಸರಿದಿದೆ. 2020ರಲ್ಲಿ ಕೆಲವು ಕಡೆ ಗುರುಗಳು (ಪಾದ್ರಿಗಳು) ಕುಟುಂಬದವರನ್ನೂ ಸೇರಿಸಿಕೊಳ್ಳುವ ಒಳ್ಳೆಯ ಉದ್ದೇಶದಿಂದ ‘ನಾವು ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇವೆ’ ಎಂದು ಹೇಳಿದ್ದನ್ನು ಕಥೋಲಿಕ ಸಭೆಯ ಕೇಂದ್ರವಾದ ವ್ಯಾಟಿಕನ್ ಅಸಿಂಧುವೆಂದು ಸಾರಿತು. ಒಂದು ಸರ್ವನಾಮಕ್ಕಾಗಿ ಇಷ್ಟು ಕಠೋರತೆಯೇ ಎಂದು ಹಲವರು ಹುಬ್ಬೇರಿಸಿದರು, ನಾನೂ ಏರಿಸಿದೆ. ಆದರೆ ಒಳಗಿನ ತರ್ಕ ಹೀಗಿದೆ: ‘ನಾವು’ ಎಂದ ಕೂಡಲೇ ಕೊಡುವವರು ಅಲ್ಲಿ ಸೇರಿದ ಜನರಾಗುತ್ತಾರೆ, ‘ನಾನು’ ಎನ್ನುವಾಗ ಗುರುವು ತನ್ನ ಹೆಸರಿನಲ್ಲಿ ಆಡುತ್ತಿಲ್ಲ, ಕ್ರಿಸ್ತನ ಬಾಯಾಗಿ ಆಡುತ್ತಿದ್ದಾನೆ. ಇದೇ ಕಥೋಲಿಕ ಸಭೆ, ಜೀವಾಪಾಯದ ಹೊತ್ತಿನಲ್ಲಿ ದೀಕ್ಷೆ ಪಡೆಯದ ವ್ಯಕ್ತಿಯೂ ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟು ನೀರು ಸುರಿದು ಆ ಮಾತುಗಳನ್ನು ಹೇಳಿದರೆ ದೀಕ್ಷಾಸ್ನಾನ ಪೂರ್ಣವೆಂದು ಒಪ್ಪುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಕೈ ಯಾರದ್ದಾದರೂ ಆದೀತು, ಕೊಡುವವನು ಬೇರೆ.

ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ ಇದಕ್ಕಾಗಿಯೇ ದೊಡ್ಡ ಜಗಳವಾಯಿತು. ರೋಮನ್ ಆಳರಸರು ಕ್ರೈಸ್ತರನ್ನು ಹಿಂಸಿಸಿದ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿ ಜೀವ ಉಳಿಸಿಕೊಂಡ ಧರ್ಮಾಧ್ಯಕ್ಷರು ಕೊಟ್ಟ ಸಂಸ್ಕಾರಗಳು ನಿರರ್ಥಕವೆಂದು ಡೊನಾಟಿಸ್ಟರೆಂಬ ಪಂಥದವರು ವಾದಿಸಿದರು. ಕೊಳಕು ಕೈಯಿಂದ ಶುದ್ಧಿ ಹೇಗೆ ಬಂದೀತು ಎಂಬ ಅವರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಯೇಸುವಿನ ಪ್ರಮುಖ ಶಿಷ್ಯ ಪೇತ್ರನು ದೀಕ್ಷಾಸ್ನಾನ ಮಾಡಿಸಲಿ, ಯೇಸುವನ್ನು ಹಿಡಿದುಕೊಟ್ಟ ಯೂದನೇ ಮಾಡಿಸಲಿ, ಮಾಡಿಸುವವನು ಕ್ರಿಸ್ತನೇ ಎಂಬುದು ಅಗಸ್ಟಿನ್ ಕೊಟ್ಟ ಉತ್ತರ. ಇದು ದುಷ್ಟ ಗುರುಗಳಿಗೆ ರಕ್ಷಣೆ ಕೊಡುವ ಮಾತಲ್ಲ. ಆ ಗುರುವಿನ ಮುಂದೆ ತಲೆಬಾಗಿದ ಬಡಪಾಯಿ ಭಕ್ತನಿಗೆ ಕೊಟ್ಟ ಅಭಯ. ತನಗೆ ದೀಕ್ಷೆ ಕೊಟ್ಟವನು ನಾಳೆ ವಂಚಕನೆಂದು ತಿಳಿದುಬಂದರೂ ತನಗೆ ಸಿಕ್ಕಿದ್ದು ಖೋಟಾ ಆಗುವುದಿಲ್ಲವೆಂಬ ಭರವಸೆ ಅದು. ಮುಂದೆ ಮಧ್ಯಯುಗದ ಪಂಡಿತರು ಇದಕ್ಕೆ ‘ಮಾಡಿದ ಕ್ರಿಯೆಯ ಬಲದಿಂದಲೇ’ ಫಲ ಎಂಬ ಲ್ಯಾಟಿನ್ ಸೂತ್ರ ಕಟ್ಟಿದರು. ಅದನ್ನು ಮಂತ್ರವಾದವೆಂದು ತಪ್ಪಾಗಿ ಓದಿದವರು ವಿರೋಧಿಗಳಲ್ಲಷ್ಟೇ ಅಲ್ಲ, ಭಕ್ತರಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಮಂತ್ರವಾದಿ ಶಕ್ತಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹವಣಿಸುತ್ತಾನೆ. ಸಂಸ್ಕಾರದಲ್ಲಿ ಹಿಡಿತವೇ ಕೈಬಿಟ್ಟುಹೋಗುತ್ತದೆ, ಅಲ್ಲಿ ಕೈ ಚಾಚುವುದಷ್ಟೇ ಉಳಿಯುವುದು.

ಈಗ ರೊಟ್ಟಿಯ, ಅಂದರೆ ಪರಮಪ್ರಸಾದದ ವಿಷಯ. ಲೇಖನ ಇದನ್ನು ಎರಡು ಸಾಲಿನಲ್ಲಿ ಮುಗಿಸಿದೆಯಾದ್ದರಿಂದ ನಾನು ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುವುದನ್ನು ತಾವು ಮನ್ನಿಸಬೇಕು.

ಯೇಸು ಸಾಯುವ ಮುನ್ನ ಶಿಷ್ಯರೊಂದಿಗೆ ಮಾಡಿದ ಕೊನೆಯ ಭೋಜನದ ಬಗ್ಗೆ ನಮಗೆ ಸಿಗುವ ಅತ್ಯಂತ ಹಳೆಯ ಬರಹ ಅವನ ಚರಿತ್ರೆ ಹೇಳುವ ಸುವಾರ್ತೆಗಳದ್ದಲ್ಲ, ಧರ್ಮಪ್ರಚಾರಕ ಪೌಲನು ಸುಮಾರು 55ರ ಹೊತ್ತಿಗೆ ಗ್ರೀಸಿನ ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ್ದು. ಅವನು ಆ ಪ್ರಸಂಗವನ್ನು ನೆನಪಿಸುವುದು ತತ್ತ್ವವನ್ನು ವಿವರಿಸಲಿಕ್ಕಲ್ಲ, ಗದರಿಸಲಿಕ್ಕೆ. ಆ ಸಭೆಯಲ್ಲಿ ಉಳ್ಳವರು ಮೊದಲು ಬಂದು ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ನೀವು ಕೂಡಿ ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ನೇರವಾಗಿ ಹೇಳಿಬಿಡುತ್ತಾನೆ. ರೊಟ್ಟಿ ಇತ್ತು, ಪಾತ್ರೆ ಇತ್ತು, ಪ್ರಾರ್ಥನೆಯೂ ಇದ್ದಿರಬೇಕು. ಪಕ್ಕದವನ ಹಸಿವನ್ನು ಕಾಣದೆ ಹೋದದ್ದರಿಂದ ಸಂಕೇತವೇ ಸುಳ್ಳಾಯಿತು. ಸುಮಾರು ನೂರು ವರ್ಷಗಳ ಬಳಿಕ, 155ರ ಆಸುಪಾಸಿನಲ್ಲಿ, ರೋಮಿನಲ್ಲಿ ಹುತಾತ್ಮ ಜಸ್ಟಿನ್ ತಮ್ಮ ಭಾನುವಾರದ ಕೂಟವನ್ನು ಚಕ್ರವರ್ತಿಗೆ ವಿವರಿಸುವಾಗ ಓದು, ಉಪದೇಶ, ಪ್ರಾರ್ಥನೆ, ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸ ಎಂದು ಕ್ರಮವಾಗಿ ಹೇಳುತ್ತ, ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆಂದೂ, ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತದೆಂದೂ ಸೇರಿಸುತ್ತಾನೆ. ಅವನ ಲೆಕ್ಕದಲ್ಲಿ ಇದು ಪೂಜೆಯ ನಂತರದ ದಾನಕಾರ್ಯವಲ್ಲ, ಅದೇ ವಿವರಣೆಯ ಮುಂದುವರಿದ ವಾಕ್ಯ.

ಆ ಭೋಜನದಲ್ಲಿ ಯೇಸು ರೊಟ್ಟಿ ಕೊಡುತ್ತ ಆಡಿದ ‘ಇದು ನನ್ನ ದೇಹ’ ಎಂಬ ಮಾತಿನ ‘ಇದು’ ಹೇಗೆ ದೇಹ ಎಂಬ ಪ್ರಶ್ನೆಗೆ ಉತ್ತರಗಳು ಒಂದೇ ಬಗೆಯವಲ್ಲ. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ, ರೊಟ್ಟಿ ಮತ್ತು ದ್ರಾಕ್ಷಾರಸದ ತೋರಿಕೆ ಉಳಿದು ಅವುಗಳ ಸತ್ತ್ವವೇ ಕ್ರಿಸ್ತನ ದೇಹ ಮತ್ತು ರಕ್ತವಾಗಿ ಮಾರ್ಪಡುತ್ತದೆ ಎಂದಿತು. ಕಥೋಲಿಕರ ನಿಲುವು ಇಂದಿಗೂ ಅದೇ. ಆರ್ಥೊಡಾಕ್ಸರು ಮಾರ್ಪಾಟನ್ನು ಒಪ್ಪಿದರೂ ಅದರ ಬಗೆಯನ್ನು ಬಿಡಿಸಿ ಹೇಳಲು ಹಿಂಜರಿಯುತ್ತಾರೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಎಂಬಲ್ಲಿ, ರೋಮಿನ ಸಭೆಯಿಂದ ಬೇರೆಯಾದ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಸ್ವಿಂಗ್ಲಿ ಎದುರುಬದುರು ಕುಳಿತರು. ಲೂಥರ್ ‘ಇದು ನನ್ನ ದೇಹ’ ಎಂಬ ಲ್ಯಾಟಿನ್ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡು ಅದರಿಂದ ಕದಲಲಿಲ್ಲ. ‘ಇದು ನನ್ನ ದೇಹ’ ಎಂದರೆ ‘ಇದು ನನ್ನ ದೇಹವನ್ನು ಸೂಚಿಸುತ್ತದೆ’ ಎಂದರ್ಥ ಎಂದು ಸ್ವಿಂಗ್ಲಿ ಪಟ್ಟುಹಿಡಿದ. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಗಿ, ಹದಿನೈದನೆಯದರಲ್ಲಿ ಈ ಒಂದೇ ಅಂಶಕ್ಕೆ ಸಂಧಾನ ಮುರಿಯಿತು. ತಮ್ಮ ಲೇಖಕರ ‘ಕೇವಲ’ ಸ್ವಿಂಗ್ಲಿಯ ಪಕ್ಷಕ್ಕೆ ಹತ್ತಿರವಾದದ್ದು. ಅದು ಗೌರವದ ಪಕ್ಷವೇ, ಆದರೆ ಅನೇಕ ಪಕ್ಷಗಳಲ್ಲಿ ಒಂದು. ಸ್ವಲ್ಪ ಕಾಲದ ಬಳಿಕ ಬಂದ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್, ಕ್ರಿಸ್ತನ ದೇಹ ಪರಲೋಕದಲ್ಲಿದ್ದರೂ ಪವಿತ್ರಾತ್ಮನ ಬಲದಿಂದ ವಿಶ್ವಾಸಿಯು ನಿಜವಾಗಿಯೇ ಕ್ರಿಸ್ತನಲ್ಲಿ ಪಾಲುಗೊಳ್ಳುತ್ತಾನೆಂದು ನಡುವಿನ ಒಂದು ದಾರಿಯನ್ನು ಹುಡುಕಿದ.

ಅದೇ ಭೋಜನದಲ್ಲಿ ಯೇಸು ಹೇಳಿದ ‘ನನ್ನನ್ನು ನೆನಸಿಕೊಳ್ಳುವುದಕ್ಕಾಗಿ ಹೀಗೆ ಮಾಡಿರಿ’ ಎಂಬಲ್ಲಿಯ ಗ್ರೀಕ್ ಪದ ‘ಅನಾಮ್ನೇಸಿಸ್’. ಅದು ಕಳೆದುಹೋದುದನ್ನು ಕುರಿತು ಯೋಚಿಸುವುದಲ್ಲ, ಕಳೆದುದು ಇಂದಿನದಾಗಿ ಎದುರಿಗೆ ಬಂದು ನಿಲ್ಲುವಂಥ ನೆನಪು ಎಂದು ವಿದ್ವಾಂಸರು ಪುಟಗಟ್ಟಲೆ ವಿವರಿಸುತ್ತಾರೆ. ಕನ್ನಡಿಗರಿಗೆ ಅಷ್ಟು ಶ್ರಮ ಬೇಕಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ನಮ್ಮಲ್ಲಿ ನೆನೆಯುವುದೆಂದರೆ ಸ್ಮರಿಸುವುದೂ ಹೌದು, ಒದ್ದೆಯಾಗುವುದೂ ಹೌದು. ಮಳೆಯಲ್ಲಿ ನೆನೆದವನು ಮಳೆಯ ಬಗ್ಗೆ ಚಿಂತಿಸುತ್ತ ನಿಂತಿರುವುದಿಲ್ಲ, ಮಳೆ ಅವನ ಬಟ್ಟೆಗೂ ಮೈಗೂ ಇಳಿದಿರುತ್ತದೆ. ನಿಘಂಟುಕಾರರು ಈ ಎರಡನ್ನು ಬೇರೆ ಬೇರೆ ಧಾತುಗಳೆಂದು ಬೇರ್ಪಡಿಸಿದರೂ ಬೇಸರವಿಲ್ಲ, ಕಿವಿಗೆ ಅವು ಒಂದೇ.

ಇನ್ನೊಂದು ಮಾತು. ಅಲ್ಲಿ ತರುವುದು ಗೋಧಿಯನ್ನಲ್ಲ, ರೊಟ್ಟಿಯನ್ನು, ದ್ರಾಕ್ಷಿಯನ್ನಲ್ಲ, ದ್ರಾಕ್ಷಾರಸವನ್ನು. ಬಿತ್ತಿದವರ, ಕೊಯ್ದವರ, ಬೀಸಿದವರ, ಸುಟ್ಟವರ ಕೆಲಸವೆಲ್ಲ ಆ ತುಣುಕಿನೊಳಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪರಿಷ್ಕರಿಸಿದ, ಪರಮಪ್ರಸಾದದ ಆರಾಧನೆಯಾದ ರೋಮನ್ ಬಲಿಪೂಜೆಯ ಗ್ರಂಥದಲ್ಲಿ ಕಾಣಿಕೆಯ ಹೊತ್ತಿಗೆ ಅದನ್ನು ಭೂಮಿಯ ಫಲ, ಮನುಷ್ಯನ ಕೈಗಳ ದುಡಿಮೆಯ ಫಲ ಎಂದೇ ಹೆಸರಿಸುತ್ತಾರೆ. ಮನುಷ್ಯರು ದುಡಿದು ತಂದದ್ದು ಅವರಿಗೇ ವರವಾಗಿ ಮರಳುತ್ತದೆ. (ಬಲಿಪೂಜೆ ನಡೆಸುವ ಗುರು ಮಾತ್ರ ತನ್ನ ಕೈಯಿಂದಲೇ ಪ್ರಸಾದ ಸ್ವೀಕರಿಸುತ್ತಾನಲ್ಲ ಎಂದು ಯಾರಾದರೂ ಕೇಳಿಯಾರು. ಹೌದು, ನನ್ನ ಮೇಲಿನ ಸೂತ್ರಕ್ಕೆ ಅದೊಂದು ಅಪವಾದ. ಆದರೆ ಅದೇ ಗುರು ತನ್ನ ಪಾಪಗಳನ್ನು ತಾನೇ ಕ್ಷಮಿಸಿಕೊಳ್ಳಲಾರ. ಜಗದ್ಗುರು ಪೋಪರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕು.)

ಸಂಸ್ಕಾರಗಳು ಏಳೋ ಎರಡೋ ಎಂಬ ಚರ್ಚೆಯನ್ನು ಲೇಖನ ದೀರ್ಘವಾಗಿ ಮಾಡಿದೆ. ನನಗೆ ಅದು ಅಷ್ಟು ಮುಖ್ಯವೆನಿಸುವುದಿಲ್ಲ. ಮೊದಲ ಸಾವಿರ ವರ್ಷ ಯಾರೂ ಎಣಿಸಿ ಗಂಟುಹಾಕಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ಪೀಟರ್ ಲೊಂಬಾರ್ಡ್ ಏಳನ್ನು (ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಯಾಜಕದೀಕ್ಷೆ, ವಿವಾಹ) ಪಟ್ಟಿಮಾಡಿದ, 1439ರಲ್ಲಿ ಫ್ಲಾರೆನ್ಸ್, 1547ರಲ್ಲಿ ಟ್ರೆಂಟ್ ಮಹಾಸಭೆಗಳು ಅದನ್ನು ಸ್ಥಿರಪಡಿಸಿದವು. ಲೂಥರ್ 1520ರಲ್ಲಿ ಈ ಕುರಿತು ಬರೆಯತೊಡಗಿದಾಗ ಮೂರೆಂದು ಆರಂಭಿಸಿ, ಅದೇ ಪುಸ್ತಕ ಮುಗಿಸುವ ಹೊತ್ತಿಗೆ ದೀಕ್ಷಾಸ್ನಾನ, ಪರಮಪ್ರಸಾದ ಎಂಬ ಎರಡಕ್ಕೆ ಇಳಿದಿದ್ದ. ಲೆಕ್ಕಕ್ಕಿಂತ ಆ ಏಳರಲ್ಲಿ ಹಂಚಿಹೋಗಿರುವ ಒಂದೇ ಗುಣ ನೋಡಿದರೆ ಸಾಕು. ದೃಢೀಕರಣದಲ್ಲಿ ಪರಿಮಳತೈಲ ಹಚ್ಚುವ ಬೆರಳು ಇನ್ನೊಬ್ಬರದು. ಯಾಜಕದೀಕ್ಷೆಯಲ್ಲಿ ತಲೆಯ ಮೇಲಿಡುವ ಕೈ ಇನ್ನೊಬ್ಬರದು. ಪಶ್ಚಿಮದ ಸಭೆಯ ಪ್ರಕಾರ ವಿವಾಹದಲ್ಲಿ ಸಂಸ್ಕಾರವನ್ನು ಕೊಡುವವರು ವಧುವರರೇ, ಆದರೆ ಪ್ರತಿಯೊಬ್ಬರೂ ಕೊಡುವುದು ಎದುರಿಗಿರುವವರಿಗೆ. ಪಾಪನಿವೇದನೆಯನ್ನು ಆಪ್ತಸಮಾಲೋಚನೆಗೆ ಹೋಲಿಸುವ ರೂಢಿ ಈಗ ಬಂದಿದೆ. ಆಪ್ತಸಮಾಲೋಚಕರು ನಮ್ಮೊಳಗಿರುವುದನ್ನು ನಾವೇ ಕಾಣಲು ನೆರವಾಗುತ್ತಾರೆ, ಆದರೆ ‘ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ’ ಎಂಬ ಮಾತು ನಮ್ಮೊಳಗೆ ಎಷ್ಟು ಹುಡುಕಿದರೂ ಸಿಗುವಂಥದ್ದಲ್ಲ, ಹೊರಗಿನಿಂದ ಕಿವಿಗೆ ಬೀಳಬೇಕು.

ಹಾಗಾದರೆ ನೀರು, ರೊಟ್ಟಿ, ಎಣ್ಣೆಗಳಿಲ್ಲದೆ ದೇವರು ಕೃಪೆ ಕೊಡಲಾರನೇ? ಕ್ವೇಕರರು, ಸಾಲ್ವೇಶನ್ ಆರ್ಮಿಯವರು ಎಂಬ ಎರಡು ಕ್ರೈಸ್ತ ಪಂಥದವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ಈ ವಿಧಿಗಳನ್ನು ಆಚರಿಸದೆ ಇರಲು ನಿರ್ಧರಿಸಿದರು, ಮತ್ತು ಅವರ ನಡುವೆ ಬಾಳಿದ ಪುಣ್ಯಜೀವಿಗಳ ಮುಂದೆ ನಾವೆಲ್ಲ ತಲೆತಗ್ಗಿಸಬೇಕು. ಸಂಸ್ಕಾರಗಳ ಪರಮ ಪ್ರತಿಪಾದಕನಾದ ತೋಮಸ್ ಅಕ್ವಿನಾಸನೇ ದೇವರು ತನ್ನ ಶಕ್ತಿಯನ್ನು ಸಂಸ್ಕಾರಗಳಿಗೆ ಕಟ್ಟಿಹಾಕಿಲ್ಲವೆಂದು ಬರೆದಿದ್ದಾನೆ. ಅಗತ್ಯವಿರುವುದು ದೇವರಿಗಲ್ಲ. ಮನುಷ್ಯನಿಗೆ ಮೈ ಇದೆ. ಕಾಣುವುದರ, ಮುಟ್ಟುವುದರ ಮೂಲಕವೇ ಅವನು ಕಾಣದ್ದನ್ನು ತಿಳಿಯುತ್ತಾನೆ. ದೇವರ ವಚನವು ಯೇಸುವೆಂಬ ಮನುಷ್ಯನಾಗಿ ಹುಟ್ಟಿತೆಂದು ನಂಬುವ ಧರ್ಮವೊಂದು ನೀರನ್ನೂ ರೊಟ್ಟಿಯನ್ನೂ ‘ಕೇವಲ’ ಎಂದು ಕರೆಯಲು ತಡವರಿಸುವುದು ಸಹಜ.

ಕೊನೆಯದಾಗಿ, ತಮ್ಮ ಸುದ್ದಿಮೇಜಿಗೆ ಸಂಬಂಧಿಸಿದ ಎರಡು ವಿನಂತಿಗಳು. ದೀಕ್ಷಾಸ್ನಾನವನ್ನು ವರದಿಗಳಲ್ಲಿ ‘ನಾಮಕರಣ’ ಎಂದು ಬರೆಯುವುದುಂಟು. ಆ ವಿಧಿಯಲ್ಲಿ ಮಗುವಿನ ಹೆಸರನ್ನು ಕೇಳುತ್ತಾರೆ ನಿಜ, ಆದರೆ ಹೆಸರಿಡುವುದು ಅದರ ಉದ್ದೇಶವಲ್ಲ. ಎಂಬತ್ತು ವರ್ಷದವರೂ ಅದನ್ನು ಪಡೆಯಬಹುದು. ಎರಡನೆಯದು ಇನ್ನೂ ತುರ್ತಿನದು. ರೋಗಿಗಳ ಅಭ್ಯಂಗವೆಂಬ ಸಂಸ್ಕಾರವನ್ನು ಕನ್ನಡಕ್ಕೆ ತರುವಾಗ ‘ಅಂತಿಮ ಸಂಸ್ಕಾರ’ ಎಂದು ಬಳಸುತ್ತಾರೆ. ನಮ್ಮ ಭಾಷೆಯಲ್ಲಿ ಅದು ಶವಸಂಸ್ಕಾರ. ಹೀಗಾಗಿ ಹಾಸಿಗೆ ಹಿಡಿದವರೊಬ್ಬರು ‘ಅಂತಿಮ ಸಂಸ್ಕಾರ ಸ್ವೀಕರಿಸಿದರು’ ಎಂದು ಓದಿದ ಓದುಗ ಗಾಬರಿಯಾಗುತ್ತಾನೆ, ಇಲ್ಲವೇ ನಗುತ್ತಾನೆ. ಬೈಬಲಿನಲ್ಲಿರುವ ಯಾಕೋಬನ ಪತ್ರದ ಐದನೆಯ ಅಧ್ಯಾಯ, ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುವುದು ಅವನು ಏಳುವನೆಂಬ ನಿರೀಕ್ಷೆಯಿಂದ. 1972ರಲ್ಲಿ ಪರಿಷ್ಕರಿಸಿದ ಕಥೋಲಿಕ ವಿಧಿಯೂ ಇದನ್ನು ಸಾಯುವವರಿಗಷ್ಟೇ ಮೀಸಲಿಡದೆ, ತೀವ್ರ ಕಾಯಿಲೆಯಲ್ಲಿರುವ ಯಾರಿಗಾದರೂ ಕೊಡಬಹುದೆಂದಿತು. ವಾಸಿಯಾಗಿ ಎದ್ದವರು ಮತ್ತೆ ಕಾಯಿಲೆ ಬಿದ್ದರೆ ಮತ್ತೊಮ್ಮೆ ಪಡೆಯಬಹುದು. ಆದ್ದರಿಂದ ಮುಂದೆ ಇಂಥ ಸುದ್ದಿ ಬಂದಾಗ ‘ರೋಗಿಗಳ ಅಭ್ಯಂಗ’ ಎಂದೇ ಅಚ್ಚುಮಾಡಬೇಕಾಗಿ ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಒಬ್ಬ ಓದುಗ